ಮುಂಬಯಿ, ಪುಣೆ, ಗೋವಾದಿಂದ ಗಲ್ಫ್ ಕೆಲಸಕ್ಕೆ ಹೊರಟ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಆಫರ್ ಲೆಟರ್ ಬಂದಿದೆ. ಮೊದಲು ಯಾವುದಕ್ಕೆ ಕೈಹಾಕಬೇಕು?

ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಫರ್ ಲೆಟರ್ ಮೂರನ್ನೂ ಒಟ್ಟಿಗೆ ಹರಡಿಕೊಂಡು ಕೂತು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ನಮ್ಮವರ ಕಾಗದಪತ್ರ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಅಂಕಪಟ್ಟಿಯಲ್ಲಿ ‘ರಮೇಶ ಕೆ.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು, ಮನೆತನದ ಹೆಸರು ಸೇರಿರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ‘ರಮೇಶ್’, ಇನ್ನೊಂದು ಕಡೆ ಕೊನೆಗೆ ಒಂದು ‘ಎ’ ಅಂಟಿ ‘ರಮೇಶ’ ಆಗಿರುತ್ತದೆ. ನಮಗೆ ಇಬ್ಬರೂ ಒಬ್ಬನೇ. ಅಲ್ಲಿನ ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಇನಿಶಿಯಲ್ ಬಿಡಿಸಿದ್ದಷ್ಟೇ ವ್ಯತ್ಯಾಸವಾದರೆ ‘ಎರಡೂ ಹೆಸರು ನನ್ನದೇ’ ಎಂಬ ನೋಟರಿ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಸ್ಪೆಲಿಂಗ್ ಅಥವಾ ಹುಟ್ಟಿದ ತಾರೀಖೇ ಬೇರೆಯಾಗಿದ್ದರೆ ಅಫಿಡವಿಟ್ ನಂಬಿ ಕೂರಬೇಡಿ, ವೀಸಾ ಅರ್ಜಿ ಹೋಗುವ ಮುಂಚೆಯೇ ಪಾಸ್‌ಪೋರ್ಟನ್ನು ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ವೀಸಾ ಬಂದ ಮೇಲೆ ಪಾಸ್‌ಪೋರ್ಟ್ ನಂಬರ್ ಬದಲಾದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಟ್ಟಿರುವ ಪಾಸ್‌ಪೋರ್ಟ್ ಇದ್ದವರು ಅದನ್ನೂ ತುಂಬಿಸಿಕೊಳ್ಳುವುದು ಒಳ್ಳೆಯದು. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿನ ವಿಚಾರದಲ್ಲಿ ಬಿಗಿಯಾಗಿದೆ. ನಿಮಗೆ ಹೇಗೋ ನಡೆದರೂ, ಮುಂದೆ ಹೆಂಡತಿಯನ್ನೋ ಅಮ್ಮನನ್ನೋ ಭೇಟಿ ವೀಸಾದಲ್ಲಿ ಕರೆಸುವಾಗ ಅವರ ಒಂಟಿ ಹೆಸರು ವಿಮಾನ ನಿಲ್ದಾಣದಲ್ಲೇ ತಡೆಯಾಗಬಹುದು.

ಮುಂಬಯಿಯಲ್ಲಿ ಹೋಟೆಲ್ ರೂಮಿನಲ್ಲಿ ಇದ್ದೇನೆ. ಪಾಸ್‌ಪೋರ್ಟಿಗೆ ಊರಿನ ವಿಳಾಸ ಕೊಡಬಹುದೇ?

ಈಗ ವಾಸವಿರುವ ವಿಳಾಸವನ್ನೇ ಕೊಡಿ. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು. ಆದರೆ ಪೊಲೀಸರು ಬರುವುದು ಅರ್ಜಿಯಲ್ಲಿ ಬರೆದ ಹಾಲಿ ವಿಳಾಸಕ್ಕೆ. ಊರಿನ ವಿಳಾಸ ಬರೆದರೆ ಕಾರ್ಕಳದ ಪೊಲೀಸರು ಮನೆಗೆ ಬರುತ್ತಾರೆ, ಪಕ್ಕದ ಮನೆಯವರು ‘ಅವನು ಬೊಂಬಾಯಿಯಲ್ಲಿ ಇರುವುದಲ್ಲವಾ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ವರದಿ ‘ವಿಳಾಸದಲ್ಲಿ ಇಲ್ಲ’ ಎಂದು ಹೋಗುತ್ತದೆ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ವಾರಗಟ್ಟಲೆ ಓಡಾಟ.

ಹಾಲಿ ವಿಳಾಸಕ್ಕೆ ಸುಲಭದ ದಾರಿ ಆಧಾರ್‌ನಲ್ಲಿ ವಿಳಾಸ ಬದಲಿಸಿಕೊಳ್ಳುವುದು. ನೋಂದಾಯಿತ ಬಾಡಿಗೆ ಕರಾರು ಅಥವಾ ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಕೂಡ ಆಗುತ್ತದೆ. ಒಂದು ವರ್ಷದೊಳಗೆ ಜಾಗ ಬದಲಿಸಿದ್ದರೆ ಹಿಂದಿನ ವಿಳಾಸವನ್ನೂ ಬರೆಯಬೇಕು, ಮುಚ್ಚಿಡಬೇಡಿ. 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಬೇಕಿದ್ದರೆ ಅದರ ಮೇಲೆ ಇನ್ನೂ 2,000.

ಇಸಿಆರ್ ಅಂದರೇನು? ನನಗೆ ಅನ್ವಯಿಸುತ್ತದೆಯೇ?

ಇಸಿಆರ್ ಅಂದರೆ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’, ವಲಸೆ ತಪಾಸಣೆ ಬೇಕು ಎಂದರ್ಥ. ಹತ್ತನೇ ತರಗತಿ ಪಾಸಾಗದವರು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರ ಅವರ ಕರಾರನ್ನು ನೋಡಿ ಅನುಮತಿ ಕೊಡುತ್ತದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆ ಇದು. ಗಲ್ಫಿನ ಆರೂ ದೇಶಗಳು ಈ ಪಟ್ಟಿಯಲ್ಲಿವೆ, ಮಲೇಷ್ಯಾ, ಥಾಯ್ಲೆಂಡ್, ಇರಾಕ್, ಜೋರ್ಡಾನ್ ಕೂಡ ಇವೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಮುದ್ರಿಸಿದ್ದರೆ ಅನುಮತಿ ಬೇಕು. ಏನೂ ಮುದ್ರಿಸಿಲ್ಲ ಅಂದರೆ ಬೇಕಿಲ್ಲ.

ಅನುಮತಿ ಕೊಡುವವರು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್. ಮುಂಬಯಿಯಲ್ಲಿ ಅವರ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿದೆ. ಅರ್ಜಿ ಮಾತ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲೇ ಹೋಗಬೇಕು. ಇದರ ಜೊತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ಸಿಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಂಥ ವಿಮೆ ಹೊರಗೆ ಎಲ್ಲೂ ಸಿಗದು. ಪಾಲಿಸಿಯ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟೇ ಹೊರಡಿ. ಕಾಗದ ಎಲ್ಲಿದೆ ಎಂದು ಗೊತ್ತಿಲ್ಲದೆ ಹಣ ಕೇಳದೇ ಬಿಟ್ಟರೆ ಆ ಮನೆಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳಿಗೆ ಈ ದೇಶಗಳ ಕೆಲಸಕ್ಕೆ ಕನಿಷ್ಠ 30 ವರ್ಷ ಆಗಿರಬೇಕು. ನರ್ಸ್‌ಗಳು ಓದಿದವರೇ ಆದರೂ, ಪಾಸ್‌ಪೋರ್ಟಿನಲ್ಲಿ ಇಸಿಆರ್ ಇರದಿದ್ದರೂ, ಈ ದೇಶಗಳಿಗೆ ಇ-ಮೈಗ್ರೇಟ್ ಮೂಲಕ, ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳ ಮುಖಾಂತರವೇ ಹೋಗಬೇಕು.

ರಾತ್ರಿಶಾಲೆಯಲ್ಲಿ ಹತ್ತನೆಯದು ಪಾಸಾಗಿದ್ದೇನೆ. ಅದು ನಡೆಯುತ್ತದೆಯೇ?

ನಡೆಯುತ್ತದೆ. ಬೋರ್ಡಿನ ಪರೀಕ್ಷೆ ಬರೆದು ಪಾಸಾಗಿದ್ದರೆ ಸಾಕು, ಹಗಲು ಓದಿದಿರೋ ರಾತ್ರಿ ಓದಿದಿರೋ ಯಾರೂ ಕೇಳುವುದಿಲ್ಲ. ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನ ಹತ್ತನೇ ತರಗತಿಯೂ ಆಗುತ್ತದೆ. ಆ ಅಂಕಪಟ್ಟಿ ಕೊಟ್ಟು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿದರೆ ಇಸಿಆರ್ ಹೋಗುತ್ತದೆ. ಆದಾಯ ತೆರಿಗೆ ಕಟ್ಟುವವರು, 50 ದಾಟಿದವರು, ಹಿಂದೆ ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದವರು ಕೂಡ ದಾಖಲೆ ತೋರಿಸಿ ತೆಗೆಸಿಕೊಳ್ಳಬಹುದು. ಒಂಬತ್ತಕ್ಕೇ ಶಾಲೆ ಬಿಟ್ಟು ಹೋಟೆಲಿಗೆ ಸೇರಿದ ಹುಡುಗರು ವಿದೇಶದ ಆಸೆ ಇದ್ದರೆ ಮೊದಲು ಈ ಒಂದು ಪರೀಕ್ಷೆ ಮುಗಿಸಿಕೊಳ್ಳಲಿ. ಮುಂದಿನ ಎಷ್ಟೋ ಬಾಗಿಲು ಇದರಿಂದಲೇ ತೆರೆಯುತ್ತವೆ.

ಏಜೆಂಟ್ ಎಷ್ಟು ದುಡ್ಡು ತೆಗೆದುಕೊಳ್ಳಬಹುದು?

ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ‘ವೀಸಾ ಖರೀದಿ’ ಎಂದು ಒಂದು ಲಕ್ಷ, ಒಂದೂವರೆ ಲಕ್ಷ ಕೇಳುತ್ತಾರಲ್ಲ, ಆ ಹೆಸರಿನ ಶುಲ್ಕವೇ ಇಲ್ಲ. ಯುಎಇಯಲ್ಲಿ ನೇಮಕಾತಿ ಮತ್ತು ವೀಸಾ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನು ಅಲ್ಲಿನ ಕಾರ್ಮಿಕ ಕಾನೂನೇ ನಿಷೇಧಿಸಿದೆ. ಸೌದಿಯಲ್ಲೂ ನೇಮಕಾತಿ, ಇಕಾಮಾ (ವಾಸದ ಪರವಾನಗಿ), ವರ್ಕ್ ಪರ್ಮಿಟ್ ಖರ್ಚು ಮಾಲಿಕನದೇ.

ಏಜೆಂಟ್ ಅಸಲಿಯೋ ಎಂದು ಇ-ಮೈಗ್ರೇಟ್‌ನಲ್ಲಿ ನೋಡಬಹುದು. ಬೋರ್ಡಿನ ಮೇಲೆ ಬರೆದ ಲೈಸೆನ್ಸ್ ನಂಬರನ್ನು ಅಲ್ಲಿ ಹುಡುಕಿ, ವಿಳಾಸವೂ ಅದೇ ಇದೆಯೇ ನೋಡಿ. ಬೇರೆಯವರ ಲೈಸೆನ್ಸ್ ನಂಬರನ್ನು ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡು ತಿರುಗುವವರು ಇದ್ದಾರೆ. ಸಬ್ ಏಜೆಂಟ್ ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ‘ನಮ್ಮ ಊರಿನವನೇ, ನಮ್ಮ ಜಾತಿಯವನೇ, ಅಣ್ಣನ ಹಾಗೆ’ ಎಂಬ ಕಾರಣಕ್ಕೆ ರಸೀದಿ ಕೇಳಲು ಸಂಕೋಚ ಪಡುವುದರಿಂದಲೇ ನಮ್ಮವರ ದುಡ್ಡು ಹೆಚ್ಚು ಮುಳುಗಿದೆ. ಅಣ್ಣನಾದರೆ ರಸೀದಿ ಕೊಡಲಿ, ದುಡ್ಡನ್ನು ಬ್ಯಾಂಕ್ ಮೂಲಕ ತೆಗೆದುಕೊಳ್ಳಲಿ. ಮೂಲ ಪಾಸ್‌ಪೋರ್ಟನ್ನು ‘ಇಟ್ಟುಕೊಳ್ಳಲು’ ಯಾರಿಗೂ ಕೊಡಬೇಡಿ. ವೀಸಾ ಸ್ಟಾಂಪಿಂಗಿಗೆ ಕೊಟ್ಟರೆ ಬರವಣಿಗೆಯಲ್ಲಿ ಸ್ವೀಕೃತಿ ಪಡೆಯಿರಿ.

‘ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ’ ಅನ್ನುತ್ತಾರೆ. ಹೋಗಬಹುದೇ?

ಬೇಡ. ಭೇಟಿ ವೀಸಾದಲ್ಲಿ ದುಡಿಯುವುದು ಅಪರಾಧ. ಸಂಬಳ ಕೊಡದಿದ್ದರೆ ಕಾರ್ಮಿಕ ಕಚೇರಿಯಲ್ಲಿ ಹೇಳಿಕೊಳ್ಳಲು ಕರಾರೇ ಇರುವುದಿಲ್ಲ, ಅವಧಿ ಮೀರಿದ ದಿನದಿಂದ ದಂಡ ಏರುತ್ತಾ ಹೋಗುತ್ತದೆ. ಇಸಿಆರ್‌ನವರನ್ನು ಹೀಗೆ ಕಳಿಸಲು ಒಂದು ಕಾರಣವಿದೆ. ಪ್ರವಾಸಕ್ಕೆ ಹೋಗುವವರಿಗೆ ಇ-ಮೈಗ್ರೇಟ್ ಅನುಮತಿ ಬೇಡ, ಹಾಗಾಗಿ ಕರಾರನ್ನು ಸರ್ಕಾರಕ್ಕೆ ತೋರಿಸುವುದೂ ತಪ್ಪುತ್ತದೆ. ತೋರಿಸಬಹುದಾದ ಕರಾರಾಗಿದ್ದರೆ ತೋರಿಸಿಯೇ ಕಳಿಸುತ್ತಿದ್ದರು.

ಕರಾರಿನಲ್ಲಿ ಏನೇನು ನೋಡಬೇಕು?

ಒಟ್ಟು ಸಂಬಳ ನೋಡಿ ಸಂತೋಷಪಡುವ ಮುಂಚೆ ಬೇಸಿಕ್, ಅಂದರೆ ಭತ್ಯೆ ಸೇರದ ಮೂಲ ವೇತನ, ಎಷ್ಟು ಎಂದು ನೋಡಿ. ದುಬೈಯ ಹೋಟೆಲೊಂದು ತಿಂಗಳಿಗೆ 1,800 ದಿರಹಂ ಎಂದಿದೆ ಅನ್ನಿ. ಕರಾರಿನಲ್ಲಿ ಬೇಸಿಕ್ 800, ಉಳಿದ 1,000 ಭತ್ಯೆ ಎಂದು ಬರೆದಿದ್ದರೆ ನಿಮ್ಮ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಲೆಕ್ಕವಾಗುವುದು 800ರ ಮೇಲೆ. ಯುಎಇಯಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚುಟಿ. 800ನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿದರೆ ವರ್ಷಕ್ಕೆ 560 ದಿರಹಂ, ಮೂರು ವರ್ಷಕ್ಕೆ 1,680. ಇಡೀ 1,800 ಬೇಸಿಕ್ ಆಗಿದ್ದರೆ ಅದೇ ಮೂರು ವರ್ಷಕ್ಕೆ 3,780 ಬರುತ್ತಿತ್ತು. ಓವರ್‌ಟೈಮಿನ ಲೆಕ್ಕವೂ ಬೇಸಿಕ್ ಮೇಲೆಯೇ. ಕಾನೂನಿನ ಸಾಮಾನ್ಯ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48. ಹೋಟೆಲ್ ಕೆಲಸದಲ್ಲಿ ದಿನಕ್ಕೆ 12 ಗಂಟೆ ಎಂದು ಬಾಯಲ್ಲಿ ಹೇಳಿದ್ದರೆ ಮಿಕ್ಕ 4 ಗಂಟೆಗೆ ಏನು ಕೊಡುತ್ತಾರೆ ಎಂದು ಬರೆಸಿಕೊಳ್ಳಿ.

ಎರಡನೆಯದು ಹುದ್ದೆಯ ಹೆಸರು. ಇಲ್ಲಿ ಕುಕ್ ಎಂದು ಮಾತಾಡಿ ವೀಸಾದಲ್ಲಿ ಕ್ಲೀನರ್ ಎಂದು ಹಾಕುವುದುಂಟು. ಮುಂದೆ ಕೆಲಸ ಬದಲಿಸುವಾಗ ನಿಮ್ಮ ಹತ್ತು ವರ್ಷದ ಅಡುಗೆಯ ಅನುಭವಕ್ಕೆ ಅಲ್ಲಿನ ದಾಖಲೆಯಲ್ಲಿ ಲೆಕ್ಕವೇ ಇರುವುದಿಲ್ಲ. ಆಫರ್ ಲೆಟರಿನ ಹುದ್ದೆ, ಕರಾರಿನ ಹುದ್ದೆ, ವೀಸಾದ ಹುದ್ದೆ ಮೂರೂ ಒಂದೇ ಆಗಿರಲಿ.

ಆಮೇಲೆ ಊಟ, ವಸತಿ, ವಾರದ ರಜೆ, ಎಷ್ಟು ವರ್ಷಕ್ಕೊಮ್ಮೆ ಊರಿಗೆ ಟಿಕೆಟ್, ಪ್ರೊಬೇಷನ್ ಎಷ್ಟು ತಿಂಗಳು. ಯುಎಇಯಲ್ಲಿ ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಕತಾರಿನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್. ಊಟ ಕೊಡದಿದ್ದರೆ ಮೇಲೆ 300, ವಸತಿ ಕೊಡದಿದ್ದರೆ 500. ಇದಕ್ಕಿಂತ ಕಡಿಮೆ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಅರ್ಥವಾಗದ ಭಾಷೆಯ ಖಾಲಿ ಹಾಳೆಗೂ ಬೇಡ.

ಡಿಗ್ರಿ ಧಾರವಾಡದ್ದು, ನಾನಿರುವುದು ಪುಣೆಯಲ್ಲಿ. ಅಟೆಸ್ಟೇಷನ್ ಎಲ್ಲಿ?

ಅಟೆಸ್ಟೇಷನ್ ಅಂದರೆ ಸರ್ಟಿಫಿಕೇಟ್ ಅಸಲಿ ಎಂದು ಸರ್ಕಾರ ಹಾಕುವ ದೃಢೀಕರಣದ ಮೊಹರು. ಸರ್ಟಿಫಿಕೇಟ್ ಯಾವ ರಾಜ್ಯದ್ದೋ ಆ ರಾಜ್ಯದ ಮೊಹರೇ ಮೊದಲು ಬೀಳಬೇಕು. ಕರ್ನಾಟಕದ ಡಿಗ್ರಿ, ಡಿಪ್ಲೊಮಾಗಳಿಗೆ ದಾರಿ ಬೆಂಗಳೂರಿನದು. ಮುಂಬಯಿಯ ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಆಡಳಿತ ಕಚೇರಿಯಲ್ಲಿ, ಅದು ಆಗುವುದಿಲ್ಲ. ಇದು ಗೊತ್ತಿಲ್ಲದೆ ಮುಂಬಯಿಯಲ್ಲೇ ಎರಡು ವಾರ ಕಳೆದುಕೊಂಡವರು ಬಹಳ ಮಂದಿ. ಹಾಗೆಯೇ ಮದುವೆ ಊರಿನಲ್ಲಾಗಿ ಅಲ್ಲೇ ನೋಂದಣಿಯಾಗಿದ್ದರೆ ಆ ಪ್ರಮಾಣಪತ್ರ ಕರ್ನಾಟಕದ ದಾರಿಯಲ್ಲಿ, ಮಗು ಮುಂಬಯಿಯಲ್ಲಿ ಹುಟ್ಟಿದ್ದರೆ ಅದರ ಜನನ ಪತ್ರ ಮಹಾರಾಷ್ಟ್ರದ ದಾರಿಯಲ್ಲಿ ಹೋಗಬೇಕು.

ರಾಜ್ಯದ ಮೊಹರಾದ ಮೇಲೆ ವಿದೇಶಾಂಗ ಸಚಿವಾಲಯ. ಅಲ್ಲಿಂದ ಮುಂದೆ ದೇಶ ನೋಡಿ ದಾರಿ ಕವಲೊಡೆಯುತ್ತದೆ. ಒಮಾನ್, ಬಹರೈನ್ ಮತ್ತು 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ ಅಪೋಸ್ಟಿಲ್ ಎಂಬ ಅಂತರರಾಷ್ಟ್ರೀಯ ದೃಢೀಕರಣ ಒಪ್ಪಂದದಲ್ಲಿವೆ. ಅಂದರೆ ಸಚಿವಾಲಯದ ಅಪೋಸ್ಟಿಲ್ ಸ್ಟಿಕ್ಕರ್ ಬಿದ್ದರೆ ಅಷ್ಟಕ್ಕೇ ಮುಗಿಯಿತು. ಯುಎಇ, ಕತಾರ್, ಕುವೈತ್ ಆ ಒಪ್ಪಂದದಲ್ಲಿಲ್ಲ. ಅವಕ್ಕೆ ಆಯಾ ದೇಶದ ರಾಯಭಾರ ಕಚೇರಿಯ ಮೊಹರು ಬೇಕು, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮೊಹರು ಕೂಡ.

ಏಜೆನ್ಸಿಯವರು ‘ಎಸ್‌ಡಿಎಂ ಅಟೆಸ್ಟೇಷನ್, ಬೇಗ ಆಗುತ್ತದೆ’ ಅನ್ನುತ್ತಾರೆ. ಅದು ರಾಜ್ಯದ ಶಿಕ್ಷಣ ಇಲಾಖೆಯ ಬದಲಿಗೆ ಸಬ್ ಡಿವಿಷನಲ್ ಮ್ಯಾಜಿಸ್ಟ್ರೇಟರ ಮೊಹರು ಹಾಕಿಸುವ ಅಡ್ಡದಾರಿ. ಎಲ್ಲ ದೇಶಗಳೂ ಎಲ್ಲ ಕೆಲಸಕ್ಕೂ ಅದನ್ನು ಒಪ್ಪುವುದಿಲ್ಲ. ಯಾವುದು ಬೇಕೆಂದು ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಂಡ ಮೇಲೆಯೇ ಕೊಡಿ. ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿದ್ದರೆ ಹಿಂಬದಿಗೆ ಮೊಹರು ಹಾಕಲು ಆಗುವುದಿಲ್ಲ. ಬಿಡಿಸಲು ಹೋದರೆ ಶಾಯಿಯೇ ಎದ್ದು ಬರುವ ಭಯ, ಅಂಥವರು ವಿಶ್ವವಿದ್ಯಾಲಯದಿಂದ ನಕಲು ಪ್ರತಿ ತೆಗೆಸುವುದು ವಾಸಿ.

ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗುವುದು ಏಕೆ? ಮುಂಚೆಯೇ ಗೊತ್ತುಮಾಡಿಕೊಳ್ಳಬಹುದೇ?

ಎದೆಯ ಎಕ್ಸ್‌ರೇ ಇಲ್ಲಿ ಮುಖ್ಯ. ಹಿಂದೆಂದೋ ಟಿಬಿ ಬಂದು ಪೂರ್ತಿ ವಾಸಿಯಾಗಿದ್ದರೂ ಶ್ವಾಸಕೋಶದಲ್ಲಿ ಉಳಿದ ಸಣ್ಣ ಕಲೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಗಲ್ಫ್ ದೇಶಗಳು ಅದನ್ನೂ ಒಪ್ಪುವುದಿಲ್ಲ. ಒಂದೇ ರೂಮಿನಲ್ಲಿ ಎಂಟು-ಹತ್ತು ಜನ ಮಲಗುವ ನಮ್ಮ ಹೋಟೆಲ್ ಹುಡುಗರಿಗೆ ತಮಗೆ ಟಿಬಿ ತಗಲಿ ಹೋಗಿತ್ತು ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದಕ್ಕೇ, ಯಾರಿಗೂ ಒಂದು ರೂಪಾಯಿ ಕೊಡುವ ಮುಂಚೆ, ಇರುವ ಕೆಲಸ ಬಿಡುವ ಮುಂಚೆ, ಹತ್ತಿರದ ಲ್ಯಾಬಿನಲ್ಲಿ ಸ್ವಂತ ಖರ್ಚಿನಲ್ಲಿ ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಏನಾದರೂ ಇದ್ದರೆ ಚಿಕಿತ್ಸೆಗೂ ಅದೇ ಒಳ್ಳೆಯ ಸಮಯ.

ಅಧಿಕೃತ ತಪಾಸಣೆಯನ್ನು ಗಲ್ಫ್ ದೇಶಗಳ ವಾಫಿದ್ ಜಾಲತಾಣದಲ್ಲಿ ಬುಕ್ ಮಾಡಿ, ಅಲ್ಲಿ ಬಂದ ಕೇಂದ್ರದಲ್ಲೇ ಆಗಬೇಕು. ಹಳಬರು ಈಗಲೂ ಗಾಮ್ಕಾ ಎನ್ನುತ್ತಾರೆ, ಅದೇ ಇದು. ವರದಿಗೆ ಅವಧಿ ಇದೆ, ತೀರಾ ಬೇಗ ಮಾಡಿಸಿದರೆ ವೀಸಾ ಬರುವಷ್ಟರಲ್ಲಿ ಸತ್ತುಹೋಗುತ್ತದೆ. ಪಾಸ್‌ಪೋರ್ಟ್ ನಂಬರ್ ತಪ್ಪಾಗಿ ತುಂಬಿದರೆ ಫಿಟ್ ಎಂದು ಬಂದರೂ ಪ್ರಯೋಜನವಿಲ್ಲ. ‘ದುಡ್ಡು ಕೊಟ್ಟರೆ ಫಿಟ್ ಮಾಡಿಸುತ್ತೇನೆ’ ಎಂದವರನ್ನು ನಂಬಬೇಡಿ. ಅಲ್ಲಿ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಇರುತ್ತದೆ, ಅದರಲ್ಲಿ ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ.

ಕತಾರಿಗೆ ಮಾತ್ರ ಕ್ರಮ ಬೇರೆ. ಮುಂಬಯಿಯ ಕತಾರ್ ವೀಸಾ ಕೇಂದ್ರದಲ್ಲೇ ಬೆರಳಚ್ಚು, ಮೆಡಿಕಲ್, ಕರಾರಿನ ಸಹಿ ಎಲ್ಲ ಒಂದೇ ಸೂರಿನಡಿ ಮುಗಿಯುತ್ತವೆ. ಸಹಿ ಹಾಕುವ ಮುಂಚೆ ಪರದೆಯ ಮೇಲೆ ಸಂಬಳ ಓದಿ. ಏಜೆಂಟ್ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಬೇಡವೆನ್ನಬಹುದು. ಸೌದಿಗೆ ಹೋಗುವ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಮೆಕ್ಯಾನಿಕ್‌ಗಳು ಇಲ್ಲಿಯೇ ಕೌಶಲ ಪರೀಕ್ಷೆ ಪಾಸಾಗಬೇಕು.

ಗೋವಾದಿಂದ ಕ್ರೂಸ್ ಹಡಗಿಗೆ ಹೋಗುವವರಿಗೂ ಇದೇ ನಿಯಮವೇ?

ಅಲ್ಲ. ಹಡಗಿನವರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್. ಇಂಡೋಸ್ ನಂಬರ್ (ನಾವಿಕರ ನೋಂದಣಿ ಸಂಖ್ಯೆ), ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ನಿಯಮದ ಮೂಲ ಸುರಕ್ಷತಾ ಕೋರ್ಸುಗಳು, ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ಬೇಕು. ಅಮೆರಿಕದ ಬಂದರಿಗೆ ಹೋಗುವ ಹಡಗಾದರೆ ಅಮೆರಿಕ ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ. ಏಜೆನ್ಸಿಗೆ ಆರ್‌ಪಿಎಸ್‌ಎಲ್, ಅಂದರೆ ಹಡಗಿಗೆ ಜನ ನೇಮಿಸುವ ಲೈಸೆನ್ಸ್ ಇರಬೇಕು, ಅವರು ಕೆಲಸ ಕೊಡಿಸಲು ನಿಮ್ಮಿಂದ ದುಡ್ಡು ಪಡೆಯುವಂತೆಯೇ ಇಲ್ಲ. 30,000ದ ಮಿತಿ ಕೂಡ ಇಲ್ಲಿ ಅನ್ವಯಿಸದು, ಇಲ್ಲಿ ಅದು ಸೊನ್ನೆ.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ?

ಯುಎಇಯಲ್ಲಿ ತಿಂಗಳಿಗೆ 4,000 ದಿರಹಂ, ಅಥವಾ 3,000 ಮತ್ತು ವಸತಿ ಇದ್ದರೆ ಆಗುತ್ತದೆ. ಮದುವೆ, ಜನನ ಪತ್ರಗಳ ಅಟೆಸ್ಟೇಷನ್ ಇಲ್ಲಿರುವಾಗಲೇ ಮುಗಿಸಿಕೊಳ್ಳಿ. ಅಲ್ಲಿಂದ ಊರಿನ ಭಾವನನ್ನು ಓಡಾಡಿಸುವುದು ಕಷ್ಟ.

ಬ್ಯಾಗಿನಲ್ಲಿ ಏನು ಇರಬಾರದು?

ಗಸಗಸೆ! ಯುಎಇ, ಸೌದಿ, ಕತಾರಿನಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಬಿಡಿ ಗಸಗಸೆ ಯಾರೂ ಒಯ್ಯುವುದಿಲ್ಲ, ನಿಜ. ಆದರೆ ಅಮ್ಮ ಹುರಿದು ಪುಡಿಮಾಡಿ ಕಟ್ಟಿಕೊಟ್ಟ ಮಸಾಲೆಯಲ್ಲಿ, ಹಬ್ಬದ ಅನರಸದ ಮೇಲೆ ಅಂಟಿದ ಬಿಳಿ ಕಾಳಿನಲ್ಲಿ ಅದು ಇರುತ್ತದೆ. ಡಬ್ಬಿ ತುಂಬುವ ಮುಂಚೆ ಮನೆಯಲ್ಲಿ ಕೇಳಿ, ಗಸಗಸೆ ಬಿಟ್ಟು ಬೇರೆ ಪುಡಿ ಮಾಡಿಸಿ. ವೀಳ್ಯದೆಲೆ, ಪಾನ್, ಗುಟ್ಕಾ ಕೂಡ ಬೇಡ, ದುಬೈ ಕಸ್ಟಮ್ಸ್ ಅದನ್ನು ನಿಷೇಧಿತ ಪಟ್ಟಿಯಲ್ಲಿಟ್ಟಿದೆ. ಜೇಬಿನ ಮೂಲೆಯಲ್ಲಿ ಉಳಿದ ಪೊಟ್ಟಣವನ್ನೂ ಸಾಂತಾಕ್ರೂಜಿನ ಮನೆಯಲ್ಲೇ ಬಿಟ್ಟು ಹೋಗಿ.

ಔಷಧಿಯಲ್ಲಿ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಅಲ್‌ಪ್ರಜೋಲಂ, ಕ್ಲೊನಾಜೆಪಾಂ ಇವಕ್ಕೆ ಮುಂಗಡ ಅನುಮತಿ ಬೇಕು. ಬಿಪಿ, ಸಕ್ಕರೆ ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್‌ನಲ್ಲೇ, ಡಾಕ್ಟರ ಚೀಟಿ ಸಮೇತ ಒಯ್ಯಿರಿ. ಪಕ್ಕದ ಮನೆಯವರು ‘ನಮ್ಮ ಹುಡುಗನಿಗೆ ಒಂದು ಪೊಟ್ಟಣ’ ಎಂದು ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬೇಜಾರಾದರೂ ಸರಿ.

ಬ್ಯಾಂಕ್, ಮೊಬೈಲ್ ವಿಷಯ?

ಕೆಲಸಕ್ಕೆಂದು ಹೊರಟ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಇಲ್ಲಿನ ಆದಾಯದ ಖಾತೆಯಾಗಿ ಬದಲಿಸಬೇಕು. ಅಲ್ಲಿನ ಸಂಬಳ ಕಳಿಸಲು ಎನ್‌ಆರ್‌ಇ, ಅಂದರೆ ಅನಿವಾಸಿಯ ವಿದೇಶಿ ಗಳಿಕೆಯ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹಳೆಯ ಪಿಪಿಎಫ್ ಅವಧಿ ಮುಗಿಯುವ ತನಕ ನಡೆಸಬಹುದು, ಹೊಸದು ತೆರೆಯುವಂತಿಲ್ಲ. ಬ್ಯಾಂಕಿಗೆ ಕೊಟ್ಟ ಸಿಮ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪಿಸಬೇಡಿ. ಸಿಮ್ ಸತ್ತರೆ ಓಟಿಪಿ ಬರದು, ಮನೆಗೆ ಹಣ ಹೋಗದು. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಮೆಸೇಜ್ ಮಾತ್ರ. ಊರಿನಲ್ಲಿ ಅಪ್ಪ ಅಮ್ಮ ಗಾಬರಿಯಾಗದ ಹಾಗೆ ಮೊದಲೇ ಹೇಳಿ, ಅಲ್ಲಿ ಒಪ್ಪಿಗೆ ಇರುವ ಆ್ಯಪ್ ಅವರ ಫೋನಿಗೂ ಹಾಕಿಕೊಡಿ.

ಅಲ್ಲಿ ಸಂಬಳ ಕೊಡುತ್ತಿಲ್ಲ, ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ. ಮುಂಬಯಿಯಲ್ಲಿರುವ ಮನೆಯವರು ಏನು ಮಾಡಬೇಕು?

ಯುಎಇ, ಸೌದಿ, ಕತಾರ್ ಮೂರರಲ್ಲೂ ಮಾಲಿಕ ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕಾನೂನುಬಾಹಿರ. ಭಾರತ ಸರ್ಕಾರದ ಮದದ್ ಜಾಲತಾಣದಲ್ಲಿ ಮನೆಯವರೇ ದೂರು ಹಾಕಬಹುದು, ಅದು ನೇರ ಆ ದೇಶದ ನಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. ದೆಹಲಿಯ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಸಂಖ್ಯೆ 1800 11 3090, ಯುಎಇ ಒಳಗಿನಿಂದ 800 46342. ದೂರಿನಲ್ಲಿ ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಕಂಪನಿಯ ಪೂರ್ತಿ ಹೆಸರು, ಕರಾರಿನ ಪ್ರತಿ, ಕೊನೆಯ ಸಂಬಳ ಬಂದ ತಿಂಗಳು ಇರಬೇಕು. ಮನೆಯವರ ಹತ್ತಿರ ಇವೇ ಇರುವುದಿಲ್ಲ, ‘ದುಬೈಯಲ್ಲಿ ಯಾವುದೋ ಹೋಟೆಲ್’ ಎಂದಷ್ಟೇ ಗೊತ್ತಿರುತ್ತದೆ. ಹೊರಡುವ ಹಿಂದಿನ ರಾತ್ರಿ ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ, ಏಜೆಂಟಿನ ರಸೀದಿ ಐದರ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ ಹೆಂಡತಿಯ ಕೈಗೆ, ಮದುವೆಯಾಗದವರು ಅಕ್ಕನ ಕೈಗೆ ಕೊಡಿ. ಅದೇ ಐದರ ಫೋಟೊ ತೆಗೆದು ಅವರ ವಾಟ್ಸಾಪಿಗೂ ಕಳಿಸಿ. ಅಲ್ಲಿ ಇಳಿದು ರೂಮ್ ಸಿಕ್ಕಿದ ದಿನ ಆ ರೂಮಿನ ವಿಳಾಸ ಮತ್ತು ಜೊತೆಗಿರುವ ಒಬ್ಬರ ನಂಬರನ್ನು ಆರನೆಯದಾಗಿ ಕಳಿಸಿ.